ಇಪ್ಪತ್ತನಾಲ್ಕು ಚೀಲ ಸುರಕ್ಷತೆ

ಗೊಬ್ಬರದ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆಯಿತ್ತು. ಮೇಲೆ 'ಅಪಘಾತವಿಲ್ಲದ ದಿನಗಳು' ಎಂದು ಬರೆದು, ಕೆಳಗೆ ಅಂಕಿಗಳನ್ನು ತಗುಲಿಹಾಕಲು ಮೊಳೆ ಹೊಡೆದಿದ್ದರು. ಆ ಸೋಮವಾರ ಬೆಳಿಗ್ಗೆ ಅಲ್ಲಿ 997 ಎಂದಿತ್ತು. ಗುರುವಾರಕ್ಕೆ ಸಾವಿರ. ಸಾವಿರ ತುಂಬಿದ ದಿನ ಪ್ರಶಸ್ತಿ ಸಮಿತಿ ಬರುತ್ತದೆಂದು ಮೂರು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಅಂದಿನಿಂದ ಕಾರ್ಖಾನೆಯಲ್ಲಿ ಎಚ್ಚರ ಎಷ್ಟು ಹೆಚ್ಚಿತೆಂದರೆ, ಬೆರಳು ಕುಯ್ದುಕೊಂಡ ಫಿಟ್ಟರ್ 'ಮನೆಯಲ್ಲಿ ತರಕಾರಿ ಹೆಚ್ಚುವಾಗ' ಎಂದು ಬರೆದುಕೊಟ್ಟ. ಏಣಿಯಿಂದ ಬಿದ್ದವನೊಬ್ಬ, ತಾನು ಇಳಿಯುತ್ತಿದ್ದೆನೆಂದೂ ಎಂದಿಗಿಂತ ಸ್ವಲ್ಪ ಬೇಗ ಇಳಿದೆನೆಂದೂ ಹೇಳಿಕೆ ಕೊಟ್ಟ.

ಈ ಹಲಗೆಯ ಮುಂದೆ ದಿನಾ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದವಳು ಗುಣಮಟ್ಟದ ಲ್ಯಾಬಿನ ಕೆಮಿಸ್ಟ್. ಎದುರಿಗೆ ಎಲ್ಲರೂ ಅವಳನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ 'ಏನಾದ್ರೂ ಆದ್ರೆ ಮೇಡಂ'. ಅವಳ ಮಾತು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತಿತ್ತು. ಮನೆಯಿಂದ ಹೊರಟು ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಒಮ್ಮೆ ತಿರುಗಿ ಹೋಗುವವಳು; ನೋಡಿ ಬಂದ ಮೇಲೆ, ನೋಡುವಾಗ ಕೈ ತಗುಲಿ ತಿರುಗಿಕೊಂಡಿತೋ ಏನೋ ಎಂದು ಬಸ್ಸಿನಲ್ಲಿ ಕೂತು ಯೋಚಿಸುವವಳು. ಬೇರೆ ಕಡೆಯಾಗಿದ್ದರೆ ಇದು ರೋಗ. ಇಲ್ಲಿ ಅರ್ಹತೆ.

ಏಕೆಂದರೆ ಅವರು ತಯಾರಿಸುತ್ತಿದ್ದ ಅಮೋನಿಯಂ ನೈಟ್ರೇಟ್ ಗೊಬ್ಬರದ ಸ್ವಭಾವವೂ ಹೆಚ್ಚುಕಡಿಮೆ ಅವಳದ್ದೇ. ಸುಮ್ಮನೆ ಬಿದ್ದಿರುವಂತೆ ಕಾಣುತ್ತದೆ, ಒಳಗೆ ನೆಮ್ಮದಿಯಿಲ್ಲ. ಬಿಸಿಲೇರಿ ಮೂವತ್ತೆರಡು ಡಿಗ್ರಿ ದಾಟಿದರೆ ಅದರ ಹರಳುಗಳು ಮಗ್ಗುಲು ಬದಲಿಸಿ ಊದುತ್ತವೆ. ತಂಪಾದರೆ ಮತ್ತೆ ಕುಗ್ಗುತ್ತವೆ. ನಾಲ್ಕಾರು ಸಲ ಹೀಗಾದರೆ ಗುಂಡನೆಯ ಕಾಳೆಲ್ಲ ಒಡೆದು ಹುಡಿ, ಹುಡಿ ತೇವ ಕುಡಿದರೆ ಕಲ್ಲು. ಕಾಳಿಗಿಂತ ಹುಡಿಗೆ ಸಿಟ್ಟು ಬೇಗ. ಎಣ್ಣೆಯೋ ಬೆಂಕಿಯೋ ಜೊತೆಗೂಡಿ, ಸುತ್ತ ಗೋಡೆಯೂ ಇದ್ದುಬಿಟ್ಟರೆ, ತಾನು ಗೊಬ್ಬರವೆಂಬುದನ್ನು ಅದು ಮರೆತೇಬಿಡುತ್ತದೆ. ಅದಕ್ಕೆಂದೇ ಕಾಳು ಕಟ್ಟುವ ಮೊದಲು, ನೂರು ಕಿಲೋಗೆ ಎರಡು ಕಿಲೋದಂತೆ ಮೆಗ್ನೀಷಿಯಂ ಇರುವ ಕಲ್ಲಿನ ಬಿಳಿ ಪುಡಿಯನ್ನು ಬೆರೆಸುತ್ತಿದ್ದರು. ಎಲ್ಲರ ಬಾಯಲ್ಲಿ ಅದು ಬರೀ 'ಪೌಡರ್'. ಅದು ಸೇರಿದರೆ ಹರಳು ಮಗ್ಗುಲು ಬದಲಿಸದೆ ತೆಪ್ಪಗಿರುತ್ತದೆ. ಪೌಡರಿನ ಕೆಲಸ ಏನೂ ಆಗದ ಹಾಗೆ ನೋಡಿಕೊಳ್ಳುವುದು. ಹಾಗಾಗಿ ಕಾರ್ಖಾನೆಯಲ್ಲಿ ಅದಕ್ಕೂ ಅವಳಿಗೂ ಒಂದೇ ಮರ್ಯಾದೆ.

ಸೋಮವಾರ ಗೇಟು ದಾಟಿದರೆ ಕಣ್ಣು ಕೋರೈಸಿತು. ರಸ್ತೆಯ ಎರಡೂ ಅಂಚಿಗೆ, ಕಾಲುದಾರಿಗಳಿಗೆ, ಸಮಾರಂಭದ ಮೈದಾನದ ಸುತ್ತ, ಕಾರುಗಳು ನಿಲ್ಲುವ ಜಾಗಕ್ಕೆ ಹಾಲಿನಂಥ ಬಿಳಿ ಗೆರೆಗಳು. ಮೈದಾನದ ನಡುವೆ, ವಿಮಾನದಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡದಾಗಿ, ಮುಷ್ಟಿಗಾತ್ರದ ದಪ್ಪದಲ್ಲಿ, 'ಸುರಕ್ಷತೆಯೇ ನಮ್ಮ ಉಸಿರು'. ಪಕ್ಕದಲ್ಲೇ ಸುತ್ತೋಲೆ ಅಂಟಿಸಿದ್ದರು: ಗುರುವಾರ ಮುಗಿಯುವವರೆಗೆ ಗೆರೆ ತುಳಿದವರಿಗೆ ಮೆಮೊ. ಬಾಯ್ಲರಿನ ವಯಸ್ಸಾದ ಕೆಲಸಗಾರರು ಕೂಡ ಮಕ್ಕಳ ಆಟದಲ್ಲಿರುವಂತೆ ಕುಪ್ಪಳಿಸುತ್ತ ಡ್ಯೂಟಿಗೆ ಹೋಗುತ್ತಿದ್ದರು.

ಲ್ಯಾಬಿನ ಮೇಜಿನ ಮೇಲೆ ಶನಿವಾರ ತಯಾರಾದ ಲಾಟ್ ನಲವತ್ತೇಳರ ಸ್ಯಾಂಪಲ್ ಕಾದಿತ್ತು. ಅರವತ್ತು ಟನ್ನಿನ ಲಾಟು. ಮೆಗ್ನೀಷಿಯಂ ಎಷ್ಟಿದೆಯೆಂದು ನೋಡಿದಳು: ಇಲ್ಲ. ಗಾಜಿನ ಸಾಮಾನೆಲ್ಲ ತೊಳೆದು ಎರಡನೇ ಸಲ ಮಾಡಿದಳು: ಇಲ್ಲ. ಮೂರನೇ ಸಲ, ತನ್ನ ಮೇಲೆ ತನಗೇ ಅನುಮಾನ ಬಂದು, ಲಾಟ್ ನಲವತ್ತಾರನ್ನೂ ಜೊತೆಗಿಟ್ಟು ಮಾಡಿದಳು. ನಲವತ್ತಾರರಲ್ಲಿ ಇರಬೇಕಾದಷ್ಟು ಇತ್ತು. ನಲವತ್ತೇಳರಲ್ಲಿ ಜಪ್ಪಯ್ಯ ಅಂದರೂ ಇಲ್ಲ. ಅವಳು ನಿಧಾನವಾಗಿ ಕಿಟಕಿಯ ಹತ್ತಿರ ಹೋಗಿ, ಹೊರಗಿನ ಹಾಲುಬಿಳುಪಿನ ಗೆರೆಗಳನ್ನು ನೋಡಿದಳು.

ವಿಚಾರಿಸಿದರೆ ಯಾರೂ ಏನನ್ನೂ ಮುಚ್ಚಿಡಲಿಲ್ಲ. ತಪ್ಪೆಂದು ಗೊತ್ತಿದ್ದರೆ ತಾನೇ ಮುಚ್ಚಿಡುವುದು. ಗೆರೆಗೆಂದು ಸುಣ್ಣ ತರಿಸಿದ್ದರಂತೆ. ಜನರಲ್ ಮ್ಯಾನೇಜರ್, ಅಂದರೆ ಎಲ್ಲರೂ 'ದೊಡ್ಡವರು' ಎನ್ನುವವರು, ಅದನ್ನು ಬೆರಳಲ್ಲಿ ಮುಟ್ಟಿ 'ಹಳದಿ ಹೊಡೀತಿದೆ' ಎಂದು ಮೂಗು ಮುರಿದರಂತೆ. ಸ್ಟೋರ್‌ಕೀಪರಿಗೆ ಪೌಡರಿನ ನೆನಪಾಯಿತು. ಶನಿವಾರ ಬೆಳಿಗ್ಗೆ ಇಪ್ಪತ್ತನಾಲ್ಕು ಚೀಲ ಮೈದಾನಕ್ಕೆ ಹೋಯಿತು. ಮಧ್ಯಾಹ್ನ ಯಂತ್ರದ ಪೌಡರ್ ತೊಟ್ಟಿ ಬರಿದಾಗಿ ಅಲಾರಂ ಕೂಗಿತು. ಆ ಹೊತ್ತಿಗೆ ಮೈದಾನದಲ್ಲಿ ಸುರಕ್ಷತಾ ಪ್ರತಿಜ್ಞೆಯ ತಾಲೀಮು ನಡೆಯುತ್ತಿತ್ತು. ಅಲಾರಂ ಸದ್ದಿಗೆ ಪ್ರತಿಜ್ಞೆ ಕೇಳಿಸುತ್ತಿಲ್ಲವೆಂದು ಸುರಕ್ಷತಾ ಅಧಿಕಾರಿಯೇ ಆಪರೇಟರನಿಗೆ ಹೇಳಿಕಳಿಸಿದರು. ಆಪರೇಟರ್ ವಿಧೇಯ ಮನುಷ್ಯ. ಅಲಾರಮ್ಮಿನ ಬಾಯಿಗೆ ಹಳೇ ಬಟ್ಟೆ ತುರುಕಿದ. ಲಾಟ್ ನಲವತ್ತೇಳು ತಯಾರಾದದ್ದು ಅದಾದ ಮೇಲೆ. ಸೋಮವಾರವೂ ಬಟ್ಟೆ ಅಲ್ಲೇ ಇತ್ತು. ಶನಿವಾರದ ಮೇಲೆ ಯಂತ್ರ ನಿಂತಿತ್ತು, ಆದರೆ ಸಮಾರಂಭಕ್ಕಾಗಿ. ಹೊಗೆ ಬಂದರೆ ಶಾಮಿಯಾನ ಕಪ್ಪಾಗುತ್ತದೆಂದು. ಹೊಸ ಪೌಡರ್ ಮುಂದಿನ ವಾರ ಬರಬೇಕಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅವಳು ಎಂದಿನಂತೆ ಗೋಡೌನಿನ ಬಾಗಿಲಿಗೆ ಊಟಕ್ಕೆ ಹೋದಳು. ಗೋಡೌನ್ ಕೀಪರ್ ಅವಳ ಒಡಹುಟ್ಟಿದ ಅಣ್ಣ. ಅತ್ತಿಗೆ ಇಬ್ಬರಿಗೂ ಒಂದೇ ಡಬ್ಬಿ ಕಟ್ಟಿಕಳಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅಣ್ಣನದೊಂದು ಪದ್ಧತಿ: ಊಟವಾದ ಮೇಲೆ ಹಿಂದಿನ ಗೋಡೆಗೂ ಚೀಲಗಳ ಸಾಲಿಗೂ ನಡುವಿನ ತಂಪಿನಲ್ಲಿ ರಟ್ಟು ಹಾಸಿ ಇಪ್ಪತ್ತು ನಿಮಿಷ ಮಲಗುವುದು. ಈಗ ಆ ಗೋಡೆಯ ಪಕ್ಕ ಒಟ್ಟಿದ್ದದ್ದು ಲಾಟ್ ನಲವತ್ತೇಳು.

"ಅಣ್ಣಾ, ಇವತ್ತು ಅಲ್ಲಿ ಮಲಗಬೇಡ."

"ಯಾಕೆ, ನಲವತ್ತೇಳು ಗೊರಕೆ ಹೊಡೆಯತ್ತಾ?"

ಅವಳು ಹೇಳಿದಳು. ಅವನು ತುತ್ತು ನಿಲ್ಲಿಸದೆ ಕೇಳಿಸಿಕೊಂಡ.

"ಪುಟ್ಟೀ, ನೀನು ಹೀಗೇ ಕಣೇ. ಚಿಕ್ಕವರಿದ್ದಾಗ ನಾನು ಗೋಲಿ ನುಂಗಿದೆ ಅಂತ ಮೂರು ದಿನ ನನ್ನ ಬೆನ್ನ ಹಿಂದೆ ಸುತ್ತಿದ್ದೆ."

"ನುಂಗಿದ್ದೆ ತಾನೇ?"

"ನುಂಗಿದ್ದೆ."

"ಮತ್ತೆ."

ಅಣ್ಣ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ, ನಾಳೆ ಹನ್ನೊಂದಕ್ಕೆ ಇಲ್ಲಿಗೆ ವೆಲ್ಡರ್ ಬರುತ್ತಾನೆ ಎಂದ. ಗೋಡೌನಿನ ಹಿಂಗೋಡೆ ಮೈದಾನದ ಕಡೆಗಿದ್ದುದರಿಂದ ಅದರ ಮೇಲೆ ದೊಡ್ಡ ಬ್ಯಾನರ್ ಬರಬೇಕಿತ್ತು. ಅದರ ಕಬ್ಬಿಣದ ಚೌಕಟ್ಟಿಗೆ ಒಳಗಡೆಯಿಂದ ಬೆಸುಗೆ ಹಾಕಬೇಕಂತೆ. ಕಿಡಿ ಬೀಳುವುದು ನೇರವಾಗಿ ಚೀಲಗಳ ಮೇಲೆ. ಗೋಡೌನಿನೊಳಗೆ ಬೆಂಕಿ ಕೆಲಸಕ್ಕೆ ಪರ್ಮಿಟ್ ಬೇಕಲ್ಲವೇ ಎಂದಳು. ಅಣ್ಣ ನಕ್ಕ. ಸಮಾರಂಭದ ಅವಸರಕ್ಕೆಂದು ಸುರಕ್ಷತಾ ಅಧಿಕಾರಿ ನಲವತ್ತು ಪರ್ಮಿಟ್‌ಗಳಿಗೆ ಮುಂಚೆಯೇ ಸಹಿ ಹಾಕಿಟ್ಟಿದ್ದರು.

ಲಾಟನ್ನು ಬೇರೆ ಕಡೆಗೆ ಸಾಗಿಸು ಎಂದರೆ ಅವನಿಗೆ ಕಾಗದ ಬೇಕು. ಕಾಗದವೆಂದರೆ ಅವಳು 'ಅನುತ್ತೀರ್ಣ' ಎಂಬ ಚೌಕದಲ್ಲಿ ಗುರುತು ಹಾಕಬೇಕು. ಕೈ ಹಾಗೇ ತಡೆಯಿತು. ಸುರಕ್ಷತೆಯ ಪರೀಕ್ಷೆಯಲ್ಲಿ ಲಾಟು ಬಿದ್ದರೆ ಅದನ್ನು 'ಘಟನೆ' ಎಂದು ಎಣಿಸಿ, ಗೇಟಿನ ಹಲಗೆಯನ್ನು ಸೊನ್ನೆಗೆ ತಿರುಗಿಸಬೇಕೆಂಬುದು ನಿಯಮ. ದೊಡ್ಡವರೇ ಮಾಡಿದ ನಿಯಮ. ಅದಾದಾಗಿನಿಂದ ಒಂದು ಲಾಟೂ ಬಿದ್ದಿರಲಿಲ್ಲ.

ಅವಳು ದೊಡ್ಡವರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ಹೊಸ ಹೆಲ್ಮೆಟ್ಟನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ ನೋಡುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು, ಕೇಳಿಸಿಕೊಳ್ಳುವುದರಲ್ಲಿ ಅವರಿಗೆ ತರಬೇತಿಯಾಗಿತ್ತು.

"ಏನಾದ್ರೂ ಆಗಿದೆಯೇನಮ್ಮಾ?"

"ಇನ್ನೂ ಇಲ್ಲ ಸರ್."

"ಶನಿವಾರದಿಂದ ಸೋಮವಾರ. ಪೌಡರ್ ಇಲ್ಲದೇನೂ ಏನೂ ಆಗಿಲ್ಲ." ಅವರ ಮುಖದಲ್ಲಿ ಹೊಸದೊಂದು ಬೆಳಕು ಮೂಡಿತು. "ಅಂದ್ರೆ ಇಷ್ಟು ವರ್ಷ ನಾವು ಅದನ್ನ ಸುಮ್ಮನೆ ಹಾಕ್ತಾ ಇದ್ವಾ?"

ಗುರುವಾರ ಕಳೆಯಲಿ, ಇದನ್ನು ನೋಡಲು ಒಂದು ಸಮಿತಿ ಮಾಡೋಣ, ನೀವೇ ಕಾರ್ಯದರ್ಶಿ ಎಂದರು. ಅವಳು ಹೊರಗೆ ಬಂದಳು. ಭಯ ಹೇಳಿಕೊಳ್ಳಲು ಹೋಗಿ ಭಯಕ್ಕೆ ಕಾರ್ಯದರ್ಶಿಯಾಗಿ ಬಂದಂತಾಗಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸುರಕ್ಷತಾ ಅಧಿಕಾರಿಯನ್ನು ಹುಡುಕಿಕೊಂಡು ಮೈದಾನಕ್ಕೆ ಹೋದಳು. ಅವರು ಕುತ್ತಿಗೆಯಲ್ಲಿ ಸೀಟಿ ತೂಗುಬಿಟ್ಟುಕೊಂಡು, ನೂರಿಪ್ಪತ್ತು ಜನರಿಂದ ಒಂದೇ ದನಿಯಲ್ಲಿ 'ಕಂಡ ಅಪಾಯವನ್ನು ಕೂಡಲೇ ತಿಳಿಸುತ್ತೇನೆ' ಎಂದು ಹೇಳಿಸುತ್ತಿದ್ದರು. ಅವಳು ಕಂಡ ಅಪಾಯವನ್ನು ಕೂಡಲೇ ತಿಳಿಸಿದಳು. ತಾಲೀಮಿನ ನಡುವೆ ಬಂದದ್ದಕ್ಕೆ ಅವರು ಮುಖ ಊದಿಸಿದರು. ಪರ್ಮಿಟ್ ರದ್ದು ಮಾಡಲು ಲಿಖಿತ ಕಾರಣ ಬೇಕು, ಲಿಖಿತ ಕಾರಣ ಬಂದರೆ ಅದು ಘಟನೆ, ಘಟನೆಯಾದರೆ ಹಲಗೆ ಸೊನ್ನೆ, ಆಮೇಲೆ ದೊಡ್ಡವರಿಗೆ ಮುಖ ತೋರಿಸುವವರು ಯಾರು ಎಂದು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತ ಅವಳ ಜೊತೆಗೇ ರಸ್ತೆಯವರೆಗೂ ನಡೆದು ಬಂದರು. ರಸ್ತೆಯಂಚಿಗೆ ಬಿಳಿ ಗೆರೆ ಅಡ್ಡಬಂತು. ಮಾತು ಅರ್ಧಕ್ಕೆ ನಿಂತಿತು. ಐವತ್ತೈದು ದಾಟಿದ, ದಪ್ಪ ಹೊಟ್ಟೆಯ ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ಪ್ಯಾಂಟು ಎತ್ತಿ ಹಿಡಿದು, ಹಾರಿದರು. ಆಚೆ ನಿಂತು, ಗೆರೆಗೆ ಧಕ್ಕೆಯಾಗಿಲ್ಲವೆಂದು ತಿರುಗಿ ನೋಡಿ ನಿಟ್ಟುಸಿರು ಬಿಟ್ಟರು.

ಅವಳು ಈಚೆಯೇ ನಿಂತುಬಿಟ್ಟಳು. ಸಾವಿರ ದಿನಗಳಲ್ಲಿ ಆ ಕಾರ್ಖಾನೆಯಲ್ಲಿ ಯಾರಾದರೂ ಒಂದು ಎಚ್ಚರಿಕೆಯನ್ನು ಇಷ್ಟು ಮನಸಾರೆ ಪಾಲಿಸಿದ್ದನ್ನು ಅವಳು ನೋಡಿರಲಿಲ್ಲ.

ನೇರ ಸ್ಟೋರಿಗೆ ಹೋದಳು. ಪೌಡರ್ ಉಳಿದಿದೆಯೇ ಎಂದರೆ ಅರ್ಧ ಚೀಲ ಉಳಿದಿತ್ತು. ಯಾವುದಕ್ಕೆ ಎಂದು ಸ್ಟೋರ್‌ಕೀಪರ್ ಕೇಳಿದ. ಯಂತ್ರಕ್ಕೆಂದರೆ ಮೂರು ಸಹಿ ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಗೆರೆ ಎಳೆಯಲು ಎಂದಳು. ಅವನು ಎದ್ದು ನಿಂತು, ಚೀಲವನ್ನು ತಾನೇ ಹೊತ್ತು ತಂದು, ಗೆರೆ ಎಳೆಯುವ ಚಕ್ರದ ಗಾಡಿಗೆ ಸುರಿದುಕೊಟ್ಟ. ಮೇಡಂಗೂ ಕೊನೆಗೆ ಸಮಾರಂಭದಲ್ಲಿ ಆಸಕ್ತಿ ಬಂತಲ್ಲ ಎಂದು ಖುಷಿಪಟ್ಟ.

ಹತ್ತೂವರೆಗೆ ಗೋಡೌನಿನ ಬಾಗಿಲಲ್ಲಿ ಗಾಡಿ ತಳ್ಳಿಕೊಂಡು ಬಂದ ತಂಗಿಯನ್ನು ಕಂಡು ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಮುಂದೆ ಮುಂದೆ ಹೋಗಿ ನೆಲದ ಮೇಲಿನ ಹಲಗೆಗಳನ್ನು ಸರಿಸಿಕೊಟ್ಟ, ಕಸ ಗುಡಿಸಿಕೊಟ್ಟ, ತನ್ನ ರಟ್ಟನ್ನೂ ಮಡಚಿ ಕಂಕುಳಲ್ಲಿಟ್ಟುಕೊಂಡ. ಅವಳು ಗೋಡೆಯ ಒಂದು ತುದಿಯಿಂದ ಹಿಡಿದು, ಲಾಟ್ ನಲವತ್ತೇಳನ್ನು ಹನ್ನೆರಡು ಹೆಜ್ಜೆ ದೂರದಿಂದ ಬಳಸಿ, ಗೋಡೆಯ ಇನ್ನೊಂದು ತುದಿಗೆ ಗೆರೆ ಮುಟ್ಟಿಸಿದಳು. ಮೂಲೆಯಲ್ಲಿ ಗಾಡಿ ತಿರುಗಿಸುವಾಗ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆಯೋಣವೆಂದರೆ ಪೌಡರ್ ಮುಗಿದಿತ್ತು.

ಹನ್ನೊಂದಕ್ಕೆ ವೆಲ್ಡರ್ ಬಂದ. ಹೆಗಲ ಮೇಲೆ ಕೇಬಲ್ಲು, ಜೇಬಿನಲ್ಲಿ ಪರ್ಮಿಟ್ಟು. ಗೆರೆಯ ಹತ್ತಿರ ಬಂದವನು ಹಾವು ಕಂಡವನಂತೆ ಕಾಲು ಹಿಂದೆಗೆದ.

"ಇದ್ಯಾರು ಎಳೆದದ್ದು?"

"ಹೊರಗಿನ ಗೆರೆ ಯಾರು ಎಳೆದದ್ದು ಅಂತ ಕೇಳಿದ್ಯಾ?" ಎಂದ ಅಣ್ಣ.

"ಇಲ್ಲ."

"ಮತ್ತೆ."

ವೆಲ್ಡರ್ ಪರ್ಮಿಟ್ ತೆಗೆದು ಓದಿದ. ಬೆಸುಗೆ ಹಾಕಬಹುದೆಂದು ಅದರಲ್ಲಿತ್ತು. ಗೆರೆ ದಾಟಬಹುದೆಂದು ಎಲ್ಲೂ ಇರಲಿಲ್ಲ. ಹಾರೋಣವೆಂದರೆ ಕೈಯಲ್ಲಿ ಯಂತ್ರ, ಎಳೆಯೋಣವೆಂದರೆ ಕೇಬಲ್ಲು ಗೆರೆಯ ಮೇಲೆ ಹರಿದು ಅಳಿಸುತ್ತದೆ. ಅವನು ಹೋಗಿ ಸುರಕ್ಷತಾ ಅಧಿಕಾರಿಯನ್ನು ಕರೆತಂದ. ಲ್ಯಾಬ್ ಮೇಡಂ ಗೆರೆಯ ಈಚೆ, ಬೇರೆ ಲಾಟಿನ ಚೀಲಗಳ ಪಕ್ಕದಲ್ಲಿ, ಕೈ ಬೆರಳುಗಳು ಬಿಳಿಯಾಗಿದ್ದುದರಿಂದ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಧಿಕಾರಿ ಗೆರೆಯನ್ನು ಉದ್ದಕ್ಕೂ ನೋಡಿದರು. ಈ ಗೆರೆಗೆ ಒಪ್ಪಿಗೆ ಕೊಟ್ಟ ನೆನಪು ಅವರಿಗಿರಲಿಲ್ಲ. ಆದರೆ ಬಣ್ಣ ಹಾಲಿನಂತಿತ್ತು, ಅಂದರೆ ದೊಡ್ಡವರದ್ದೇ. ತನಗೆ ಗೊತ್ತಿಲ್ಲವೆಂದರೆ ತನ್ನನ್ನು ಕೇಳದೆ ಎಳೆದಿದ್ದಾರೆಂದು ಒಪ್ಪಿಕೊಂಡಂತೆ.

"ಕಾಣಿಸಲ್ವೇನಯ್ಯಾ ಗೆರೆ?" ಎಂದು ವೆಲ್ಡರನ ಮೇಲೆ ಹರಿಹಾಯ್ದರು. "ಹೊರಗಡೆ ಕಂಬ ನೆಟ್ಟು ಹಗ್ಗದಲ್ಲಿ ಕಟ್ಟು."

ಅವರು ಹೋದ ಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತಳು. ಅಣ್ಣ ಬಾಗಿಲ ಹತ್ತಿರ ರಟ್ಟು ಹಾಸಿ, ಇಲ್ಲಿ ಮಲಗಬಹುದೋ ಅದಕ್ಕೂ ಪರೀಕ್ಷೆಯಾಗಬೇಕೋ ಎಂದು ಕೇಳಿದ.

ಕೆಲಸ ಅರ್ಧವಷ್ಟೇ ಆಗಿತ್ತು. ಸಮಾರಂಭ ಮುಗಿದ ಮರುದಿನವೇ ಹೊರಗಿನ ಗೆರೆಗಳ ಜೊತೆ ಇದನ್ನೂ ಗುಡಿಸಿಬಿಡುತ್ತಾರೆ, ಲಾಟು ಲಾರಿ ಹತ್ತುತ್ತದೆ, ಇನ್ಯಾರದೋ ಗೋಡೌನಿನಲ್ಲಿ ಇನ್ಯಾರೋ ಅಣ್ಣ ಅದರ ಪಕ್ಕ ರಟ್ಟು ಹಾಸುತ್ತಾನೆ. ಬುಧವಾರವಿಡೀ ಅವಳು ಪ್ರಮಾಣಪತ್ರದ ಎರಡು ಚೌಕಗಳನ್ನೂ ಖಾಲಿ ಬಿಟ್ಟು, 'ಮರುಪರೀಕ್ಷೆಯಲ್ಲಿದೆ' ಎಂದು ಅಂಚಿನಲ್ಲಿ ಬರೆದು, ಅದನ್ನು ಡ್ರಾಯರಿನಲ್ಲಿಟ್ಟು, ಇಟ್ಟೆನೋ ಇಲ್ಲವೋ ಎಂದು ಹನ್ನೊಂದು ಸಲ ತೆರೆದು ನೋಡಿದಳು.

ಗುರುವಾರ ಹಲಗೆ ಸಾವಿರವಾಯಿತು. ನಾಲ್ಕನೇ ಅಂಕಿಗೆ ಮೊಳೆಯೇ ಇರಲಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಗೊತ್ತಾಗಿ, ಸೆಕ್ಯೂರಿಟಿಯವನು ಕೊನೆಯ ಸೊನ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಪ್ರಶಸ್ತಿ ಸಮಿತಿಯ ಅಧ್ಯಕ್ಷೆ ವಯಸ್ಸಾದ, ಗಿಡ್ಡನೆಯ ಹೆಂಗಸು. ಮೈದಾನದ ಅಕ್ಷರಗಳ ಪಕ್ಕ ನಿಲ್ಲದೆ ನಡೆದರು. ಗೋಡೌನಿಗೆ ಬಂದಾಗ ಮಾತ್ರ ಸೊಟ್ಟ ಗೆರೆಯ ಮುಂದೆ ನಿಂತರು.

ದೊಡ್ಡವರು ಆ ಗೆರೆಯನ್ನು ನೋಡುತ್ತಿದ್ದದ್ದು ಅದೇ ಮೊದಲು. ಒಂದು ಉಸಿರಿನಷ್ಟೂ ತಡವರಿಸದೆ, ಇದು ತಮ್ಮಲ್ಲಿ ಮೊದಲಿನಿಂದ ಇರುವ ಪದ್ಧತಿ, ಪ್ರತ್ಯೇಕ ನಿಗಾ ವಲಯ ಎಂದರು.

"ಯಾಕೆ ನಿಗಾ?" ಎಂದರು ಅಧ್ಯಕ್ಷೆ.

ದೊಡ್ಡವರು ಸುರಕ್ಷತಾ ಅಧಿಕಾರಿಯತ್ತ ನೋಡಿದರು. ಅವರು ಸೀಟಿಯನ್ನು ನೋಡಿಕೊಂಡರು. ಆಮೇಲೆ ಇಬ್ಬರೂ ಲ್ಯಾಬ್ ಮೇಡಂ ಕಡೆ ತಿರುಗಿದರು. ಹಿಂದಿನ ಎರಡು ದಿನ ಈ ಒಂದು ವಾಕ್ಯವನ್ನು ಅವಳು ಎಷ್ಟು ಸಲ ತೂಗಿ ನೋಡಿದ್ದಳೆಂದರೆ, ಅದು ತಾನಾಗಿಯೇ ಹೊರಬಂತು.

"ಈ ಲಾಟಿನ ಮೆಗ್ನೀಷಿಯಂ ಬಗ್ಗೆ ನಮಗೆ ಸಮಾಧಾನ ಇಲ್ಲ ಮೇಡಂ. ಪೌಡರ್ ಬಂದ ತಕ್ಷಣ ಪೂರ್ತಿ ಕರಗಿಸಿ ಮತ್ತೆ ಮಾಡ್ತೀವಿ. ಅಲ್ಲೀವರೆಗೆ ಒಂದು ಚೀಲಾನೂ ಹೊರಗೆ ಹೋಗಬಾರದು ಅಂತ ಸರ್ ಹೇಳಿದ್ದಾರೆ."

ಎಲ್ಲರೂ ದೊಡ್ಡವರನ್ನು ನೋಡಿದರು. ದೊಡ್ಡವರು ಹೆಲ್ಮೆಟ್ ಸರಿಮಾಡಿಕೊಂಡರು.

"ಹೇಳಿದ್ದೀನಿ," ಎಂದರು.

ಇಡೀ ದಿನದಲ್ಲಿ ಕಂಡ ನಿಜವಾದ ಸುರಕ್ಷತೆ ಇದೊಂದೇ ಎಂದು ಅಧ್ಯಕ್ಷೆ ಭಾಷಣದಲ್ಲಿ ಹೇಳಿದರು. 'ಇದೊಂದೇ' ಎಂಬುದನ್ನು ಬಿಟ್ಟು ಉಳಿದದ್ದನ್ನು ದೊಡ್ಡವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಸಿದರು.

ಮುಂದಿನ ವಾರ ಹೊಸ ಪೌಡರ್ ಬಂತು. ಅಷ್ಟರಲ್ಲಿ ಐದಾರು ಸಲ ಬಿಸಿಲೇರಿ ಇಳಿದು ಲಾಟ್ ನಲವತ್ತೇಳರ ಚೀಲಗಳು ಹೊರಗೆ ಕಲ್ಲಾಗಿ, ಒಳಗೆ ಹುಡಿಯಾಗಿ ಕೂತಿದ್ದವು. ಅಣ್ಣ ಒಂದನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಸೋರಿದ ಹುಡಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ತಮಾಷೆ ಮಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತಂಗಿಗೆ ಅವನು ಕೊಟ್ಟ ದೊಡ್ಡ ಬಹುಮಾನ ಅದೇ. ಅರವತ್ತು ಟನ್ನನ್ನೂ ಕರಗಿಸಿ, ಪೌಡರ್ ಬೆರೆಸಿ, ಮತ್ತೆ ಕಾಳು ಕಟ್ಟಿಸಿದರು. ಆಪರೇಟರ್ ಅಲಾರಮ್ಮಿನ ಬಾಯಿಂದ ಬಟ್ಟೆ ತೆಗೆದ. ಅವಳು ಅದನ್ನು ಇಸಿದುಕೊಂಡು ತನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದಳು.

ಲಾಟು ಲಾರಿ ಹತ್ತಿದ ದಿನ ಅವಳ ಮೇಜಿಗೆ ಎರಡು ಕಾಗದ ಬಂದವು. ಮೊದಲನೆಯದು ಸುತ್ತೋಲೆ: ಪ್ರಶಸ್ತಿ ಪಡೆದ ಪದ್ಧತಿಯಂತೆ, ಇನ್ನು ಮುಂದೆ ಗೋಡೌನಿನ ಪ್ರತಿಯೊಂದು ಲಾಟಿನ ಸುತ್ತಲೂ ಹಾಲುಬಿಳುಪಿನ ಗೆರೆ ಕಡ್ಡಾಯ, ಬೇಕಾದ ಪೌಡರನ್ನು ಯಂತ್ರದ ಪಾಲಿನಿಂದ ತೆಗೆದುಕೊಳ್ಳತಕ್ಕದ್ದು. ಎರಡನೆಯದು ಮೆಮೊ: ಕಚ್ಚಾವಸ್ತುವಾದ ಪೌಡರನ್ನು ಅರ್ಧ ಚೀಲದಷ್ಟು, ಉತ್ಪಾದನೆಗಲ್ಲದ ಕೆಲಸಕ್ಕೆ ಬಳಸಿರುವುದು ಸ್ಟೋರಿನ ಪುಸ್ತಕದಿಂದ ಕಂಡುಬಂದಿದೆ. ಲಿಖಿತ ವಿವರಣೆ ಕೊಡಿ.

ಇಪ್ಪತ್ತನಾಲ್ಕು ಚೀಲದ ಬಗ್ಗೆ ಯಾರಿಗೂ ಮೆಮೊ ಹೋಗಿರಲಿಲ್ಲ. ಅದು ಸಮಾರಂಭದ ಲೆಕ್ಕಕ್ಕೆ ಸೇರಿತ್ತು.

ಅವಳು ಮೂರು ಸಲ ಬರೆದು ಹರಿದಳು. ನಾಲ್ಕನೇ ಸಲ ಒಂದೇ ಸಾಲು ಬರೆದಳು: 'ಸದರಿ ಅರ್ಧ ಚೀಲವನ್ನು ಲಾಟ್ ನಲವತ್ತೇಳನ್ನು ಸ್ಥಿರವಾಗಿಡಲು ಬಳಸಲಾಗಿದೆ.' ಓದಿ ನೋಡಿದಳು. ಸುಳ್ಳಿನ ಎಳೆಯೂ ಇರಲಿಲ್ಲ. ಸಹಿ ಹಾಕಿ ಕಳಿಸಿದಳು. ಆಮೇಲೆ ಸುತ್ತೋಲೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, ಯಂತ್ರದ ತೊಟ್ಟಿಯಲ್ಲಿ ಪೌಡರ್ ಇದೆಯೋ ಇಲ್ಲವೋ ನೋಡಲು ಮೆಟ್ಟಿಲು ಹತ್ತಿದಳು. ಇತ್ತು. ಇಳಿದು ಬಂದು, ಇನ್ನೊಮ್ಮೆ ಹತ್ತಿದಳು.